ಮಿಲ್ಲಿನ ಅಂಗಳಕ್ಕೆ ಶೀಟು

ನಮ್ಮ ಯಜಮಾನರಿಗೆ ಆಕಾಶ ಕಂಡರೆ ಆಗುವುದಿಲ್ಲ. ಎಲ್ಲಾದರೂ ಒಂದು ತುಂಡು ಆಕಾಶ ಖಾಲಿ ಬಿದ್ದದ್ದು ಕಂಡಿತೋ, ಅದಕ್ಕೆ ತಗಡಿನ ಶೀಟು ಹೊದೆಸುವವರೆಗೆ ಸಮಾಧಾನವಿಲ್ಲ. ಇವರ ಹೆಸರು ವಾಸಪ್ಪ. ಗಂಡನ ಹೆಸರು ಹೇಳಬಾರದು ಎಂದು ನನ್ನ ಅಜ್ಜಿ ಕಲಿಸಿದ್ದರು, ಆದರೆ ಹೆಸರಿಲ್ಲದೆ ಕಥೆ ಹೇಳುವುದು ಹೇಗೆ? ಒಮ್ಮೆ ಹೇಳಿಯಾಯಿತು, ಇನ್ನು 'ಇವರು' ಎಂದರೆ ಇವರೇ.

ಇವರು ಶಾರ್ಜಾದಲ್ಲಿ ಕಟ್ಟಡದ ಕೆಲಸಕ್ಕೆ ಫೋರ್‌ಮನ್ ಆಗಿದ್ದವರು. ಅರ್ಧ ಆಯುಷ್ಯ ಅಲ್ಲಿ ಕಳೆದು ಉಪ್ಪಳಕ್ಕೆ ವಾಪಸಾಗುವ ಮೊದಲೇ ನಮ್ಮ ಮನೆಯ ತಾರಸಿಗೆ ಶೀಟು, ಕಾರಿಗೆ ಶೀಟು, ಬಾವಿಗೆ ಶೀಟು ಆಗಿತ್ತು. ಒಂದು ಮಳೆಗಾಲ ನಾನು ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಿದ್ದೆ. ಮರುವರ್ಷ ರಜೆಯಲ್ಲಿ ಬಂದವರೇ ಅಂಗಳಕ್ಕೆಲ್ಲ ಇಂಟರ್‌ಲಾಕ್ ಇಟ್ಟಿಗೆ ಹಾಸಿ, ಮೇಲೆ ಶೀಟು ಹಾಕಿಸಿದರು. ತುಳಸಿಕಟ್ಟೆಯ ಮೇಲೂ ಶೀಟು. ನಮ್ಮ ಮನೆಯ ತುಳಸಿ ಮಳೆ ಕಾಣದೆ ಎಷ್ಟೋ ವರ್ಷವಾಯಿತು.

ಇವರೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಉಪ್ಪಳದಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಹೋಗುತ್ತಾ ಕಿಟಕಿಯಿಂದ ನೋಡಿ, ಮನೆಗಳು ಕಾಣುವುದಿಲ್ಲ, ಶೀಟುಗಳು ಕಾಣುತ್ತವೆ. ನೀಲಿ, ಹಸಿರು, ಇಟ್ಟಿಗೆ ಬಣ್ಣ. ನಮ್ಮ ಊರಿನವರು ಮೊದಲು ಮನೆ ಕಟ್ಟುತ್ತಾರೆ, ಆಮೇಲೆ ಆ ಮನೆಗೆ ಕೊಡೆ ಹಿಡಿಯುತ್ತಾರೆ.

ಇಂಥವರನ್ನೇ ಹುಡುಕಿ ತಂದು ಮ್ಯೂಸಿಯಂ ಸಮಿತಿಗೆ ಅಧ್ಯಕ್ಷರನ್ನಾಗಿ ಮಾಡಿದರು.

ಮ್ಯೂಸಿಯಂ ಆಗಬೇಕಾಗಿದ್ದದ್ದು ರೈಲು ಹಳಿಯ ಆಚೆಯ ಹಳೆ ಅಕ್ಕಿ ಮಿಲ್ಲು. ನನ್ನ ಬಾಲ್ಯದಲ್ಲಿ ಆ ಮಿಲ್ಲಿನ ಶಿಳ್ಳೆ ಕೇಳಿಯೇ ನಾವು ಶಾಲೆಗೆ ಹೊರಡುತ್ತಿದ್ದೆವು. ಒಂದು ಬದಿಗೆ ಭತ್ತ ಬೇಯಿಸುವ ತೊಟ್ಟಿ, ಹೊಗೆ ಕೊಳವೆ. ಇನ್ನೊಂದು ಬದಿಗೆ ಹಂಚಿನ ಮಾಡಿನ ಉದ್ದದ ಗೋದಾಮು. ನಡುವೆ ಒಂದು ದೊಡ್ಡ ಅಂಗಳ, ಅದರ ನಾಲ್ಕೂ ಬದಿಗೆ ಮಾಡು ಇಳಿದ ಜಗಲಿ. ಬೇಯಿಸಿದ ಭತ್ತವನ್ನು ಆ ಅಂಗಳದಲ್ಲಿ ಹರವಿ, ಹೆಂಗಸರು ಕಾಲಿನಿಂದ ಸಾಲು ಎಳೆಯುತ್ತಾ ಒಣಗಿಸುತ್ತಿದ್ದರು. ಇಡೀ ಊರಿಗೆ ಕುಚ್ಚಲಕ್ಕಿಯ ಪರಿಮಳ. ಮಿಲ್ಲು ನಿಂತ ಮೇಲೆ ಅಲ್ಲಿ ಹಾವು, ಬಾವಲಿ ಬಿಟ್ಟರೆ ಯಾರೂ ಇರಲಿಲ್ಲ. ಮಿಲ್ಲಿನ ಮನೆಯವರು ಅದನ್ನು ಊರಿಗೆ ಬಿಟ್ಟುಕೊಟ್ಟಾಗ, ಅಕ್ಕಿಯ ಬಗ್ಗೆ, ಅನ್ನದ ಬಗ್ಗೆ, ನಮ್ಮ ಅಡುಗೆಮನೆಗಳ ಬಗ್ಗೆ ಒಂದು ಮ್ಯೂಸಿಯಂ ಮಾಡುವುದೆಂದು ತೀರ್ಮಾನವಾಯಿತು.

ಅದರ ನಕ್ಷೆ ಮಾಡಲು ಬಂದವಳು ಸುಪ್ರೀತಾ. ದೇಲಂಪಾಡಿ ಕಡೆಯ ಹುಡುಗಿ, ಕೋಝಿಕ್ಕೋಡಿನಲ್ಲಿ ಆರ್ಕಿಟೆಕ್ಚರ್ ಕಲಿತು, ಬೇರೆಯವರ ಕೈಕೆಳಗೆ ಸ್ವಲ್ಪ ಕಾಲ ದುಡಿದು, ಸ್ವಂತವಾಗಿ ಹಿಡಿದ ಮೊದಲ ಕೆಲಸ ಇದು. ನಮ್ಮ ಮಾಳಿಗೆಯ ಕೋಣೆಯಲ್ಲೇ ಬಾಡಿಗೆಗಿದ್ದಳು. ಬೆಳಿಗ್ಗೆ ನನ್ನ ನೀರುದೋಸೆ ತಿನ್ನುತ್ತಾ ಇವರ ಜೊತೆ ಜಗಳ ಶುರುಮಾಡಿದರೆ, ರಾತ್ರಿ ಗಂಜಿ ಉಣ್ಣುವಾಗ ಮುಗಿಸುತ್ತಿದ್ದಳು.

ಅವಳ ಕೆಲಸ ನೋಡಿ ಊರಿನವರಿಗೆ ಮೊದಲು ನಗು ಬಂತು. ಹಳೆಯ ಕೆಂಪುಕಲ್ಲಿನ ಗೋಡೆಯನ್ನು ತೊಳೆದು ಹಾಗೆಯೇ ಬಿಟ್ಟಳು, ಸಾರಣೆಯೂ ಇಲ್ಲ, ಬಣ್ಣವೂ ಇಲ್ಲ. ಗೋದಾಮಿನ ಒಳಗೆ ಕಬ್ಬಿಣದ ಒಂದು ಮಹಡಿ ನಿಲ್ಲಿಸಿದಳು; ಅದು ತನ್ನ ಕಾಲಿನ ಮೇಲೆ ತಾನೇ ನಿಲ್ಲುತ್ತದೆ, ಹಳೆ ಗೋಡೆಗೆ ಬೆರಳೂ ತಾಗಿಸುವುದಿಲ್ಲ. ಬೇಯಿಸುವ ತೊಟ್ಟಿಯ ಮೇಲಿಂದ ದಾಟಿ ಹೋಗಲು ಇಳಿಜಾರಿನ ಕಾಂಕ್ರೀಟ್ ದಾರಿ. ಅಂಗಳದ ಕಡೆಗೆ ಮುಖ ಮಾಡಿದ ಗೋಡೆ ಪೂರ್ತಿ ಗಾಜು. ಒಳಗೆ ಎಲ್ಲಿ ನಿಂತರೂ ಅಂಗಳ ಕಾಣಬೇಕು, ಅಂಗಳದಲ್ಲಿ ನಿಂತರೆ ಬರೀ ಆಕಾಶ ಕಾಣಬೇಕು ಎಂದು ಅವಳ ಲೆಕ್ಕ.

ಆಕಾಶ ಎಂಬ ಮಾತು ಬಂದ ಕೂಡಲೇ ಇವರ ಕಿವಿ ನೆಟ್ಟಗಾಯಿತು.

"ಮಳೆ ಬಂದ್ರೆ ಎಂತ ಮಾಡುದು?" ಎಂದು ಕೇಳಿದರು.

"ಮಳೆ ಬಂದ್ರೆ ಮಳೆ ನೋಡುದು, ವಾಸಪ್ಪಣ್ಣ."

"ಮಳೆ ನೋಡ್ಲಿಕ್ಕೆ ಜನ ಮ್ಯೂಸಿಯಂಗೆ ಯಾಕೆ ಬರ್ಬೇಕು? ಅವರವರ ಮನೆಯಲ್ಲಿ ಇಲ್ವಾ?"

"ನಿಮ್ಮ ಮನೆಯಲ್ಲಿ ಎಲ್ಲಿ ಕಾಣ್ತದೆ?" ಎಂದು ಅವಳು ಮೇಲೆ ನೋಡಿದಳು. ಮೇಲೆ ಶೀಟು. ನಾನು ನಕ್ಕೆ, ಇವರು ನನ್ನನ್ನು ದುರುಗುಟ್ಟಿ ನೋಡಿ ಇನ್ನೊಂದು ದೋಸೆ ಕೇಳಿದರು.

ಆ ಜಗಳ ಹಾಗೆಯೇ ತಮಾಷೆಯಾಗಿ ಮುಗಿಯುತ್ತಿತ್ತೋ ಏನೋ, ನಡುವೆ ಕಡೆಯುವ ಕಲ್ಲುಗಳು, ಅಂದರೆ ಹಿಟ್ಟು ರುಬ್ಬುವ ಒರಳುಗಳು, ಬಂದವು. ಅದು ಇವರದೇ ತಪ್ಪು. ಮ್ಯೂಸಿಯಂಗೆ ಅಡುಗೆಮನೆಯ ಹಳೆ ಸಾಮಾನು ಕೊಡಿ ಎಂದು ಜೀಪಿಗೆ ಮೈಕ್ ಕಟ್ಟಿಸಿ ಊರಿಡೀ ಕೂಗಿಸಿದರು. ಹಳೆ ಸಾಮಾನು ಎಂದರೆ ತಾಮ್ರದ ಹಂಡೆ, ಮರದ ಮರಿಗೆ, ಸೇರು, ಕಳಸಿಗೆ ಬರುತ್ತದೆಂದು ಇವರ ಎಣಿಕೆ. ನಮ್ಮ ಜನ ತಾಮ್ರ ಕೊಡುತ್ತಾರೆಯೇ? ಮಿಕ್ಸಿ, ಗ್ರೈಂಡರ್ ಬಂದ ಮೇಲೆ ಹಿತ್ತಲಿನಲ್ಲಿ ಬಿದ್ದಿದ್ದ ಕಡೆಯುವ ಕಲ್ಲನ್ನು ಬಿಸಾಡಲು ಯಾರಿಗೂ ಮನಸ್ಸಿಲ್ಲ, ಅನ್ನ ಕೊಟ್ಟ ಕಲ್ಲು. ಇಟ್ಟುಕೊಳ್ಳಲು ಜಾಗವೂ ಇಲ್ಲ. ಮರುದಿನ ಬೆಳಿಗ್ಗೆಯಿಂದ ಶುರುವಾಯಿತು ನೋಡಿ ಮೆರವಣಿಗೆ. ಆಟೋದಲ್ಲಿ, ಪಿಕಪ್ಪಿನಲ್ಲಿ, ಒಬ್ಬರು ಸ್ಕೂಟರಿನ ಮುಂದೆ ಕಾಲಿಡುವಲ್ಲಿ ಇಟ್ಟುಕೊಂಡು. ತುಳುವರದ್ದು, ಬ್ಯಾರಿಗಳದ್ದು, ಕೊಂಕಣಿಗರದ್ದು, ಭಟ್ಟರ ಮನೆಯದ್ದು, ಎಲ್ಲರದ್ದೂ ಒಂದೇ ಕಲ್ಲು, ನಡುವೆ ಒಂದೇ ಗುಂಡಿ. ಬೇಡ ಎನ್ನಲು ಇವರಿಗೆ ಬಾಯಿ ಬರಲಿಲ್ಲ. ವಾರದೊಳಗೆ ಮಿಲ್ಲಿನ ಅಂಗಳ ಕಡೆಯುವ ಕಲ್ಲುಗಳ ಸಂತೆಯಾಯಿತು.

"ಇಷ್ಟು ಸೊತ್ತು ಮಳೆಗೆ ನೆನಿಲಿಕ್ಕೆ ಬಿಡುದಾ? ಅಂಗಳಕ್ಕೆ ಶೀಟು ಹಾಕುವ," ಎಂದರು ಇವರು, ಸಮಿತಿಯ ಮೀಟಿಂಗಿನಲ್ಲಿ.

"ಕಲ್ಲು ನೆನೆದರೆ ಎಂತ ಆಗ್ತದೆ? ಶೀತ ಆಗ್ತದಾ?" ಎಂದೆ ನಾನು. ನಾನು ನಮ್ಮ ಹೆಂಗಸರ ಸಂಘ ಕುಟುಂಬಶ್ರೀಯ ಪರವಾಗಿ ಸಮಿತಿಯಲ್ಲಿದ್ದವಳು, ಹೆಂಡತಿಯೆಂದು ಅಲ್ಲ.

ಯಾರೂ ನನ್ನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಶೀಟು ಎಂದ ಕೂಡಲೇ ಎಲ್ಲರ ಮುಖ ಅರಳಿತು. ಶೀಟಿದ್ದರೆ ಮದುವೆಗೆ ಬಾಡಿಗೆಗೆ ಕೊಡಬಹುದು ಎಂದರು ಒಬ್ಬರು. ಖರ್ಚು ಪೂರ್ತಿ ತನ್ನದೇ ಎಂದು ಇವರು ಹೇಳಿದ ಮೇಲಂತೂ ಚಪ್ಪಾಳೆ ಬಿತ್ತು. ಸುಪ್ರೀತಾ ಎದ್ದು ನಿಂತಳು. ಜಗಳದ ಸ್ವರ ಇರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

"ಭತ್ತ ಒಣಗಿದ್ದು ಆ ಅಂಗಳದಲ್ಲಿ. ಅದೇ ಮಿಲ್ಲು. ಬಾಕಿದ್ದನ್ನೆಲ್ಲ ಅದರ ಸುತ್ತ ಕಟ್ಟಿದ್ದು. ಅದನ್ನು ಮುಚ್ಚುದಾದ್ರೆ ಮುಚ್ಚಿ, ನಿಮ್ಮ ಊರು. ಆದ್ರೆ ಬೋರ್ಡಿನಲ್ಲಿ ನನ್ನ ಹೆಸರು ಹಾಕ್ಬೇಡಿ. ನಾನು ಇದು ನನ್ನ ಕೆಲಸ ಅಂತ ಯಾರಿಗೂ ತೋರಿಸುದಿಲ್ಲ."

ಆ ರಾತ್ರಿ ಅವಳು ಗಂಜಿಗೆ ಕೆಳಗೆ ಬರಲಿಲ್ಲ. ಮಾಳಿಗೆಗೆ ಒಯ್ದು ಕೊಟ್ಟೆ. ಲ್ಯಾಪ್‌ಟಾಪಿನಲ್ಲಿ ಅಂಗಳದ ಚಿತ್ರ ತೆರೆದು ಕುಳಿತಿದ್ದಳು. ಬಿಸಿಲು, ಗಾಜಿನ ಮೇಲೆ ಹಂಚಿನ ಮಾಡಿನ ನೆರಳು. ನನಗೆ ನಕ್ಷೆ ಓದಲು ಬರುವುದಿಲ್ಲ, ಆದರೆ ಅಂಗಳ ಎಂದರೆ ಏನೆಂದು ಗೊತ್ತಿದೆ. ಕೆಳಗೆ ಬಂದು ಇವರ ಹತ್ತಿರ ಮಾತು ಬಿಟ್ಟೆ.

ಇವರು ಅದನ್ನು ಗಮನಿಸಲೇ ಇಲ್ಲ. ಕಬ್ಬಿಣದ ಕಂಬಗಳನ್ನು ತರಿಸಿ ನಮ್ಮ ಮನೆಯ ಬದಿಯಲ್ಲಿ ಇಳಿಸಿಯಾಗಿತ್ತು, ವೆಲ್ಡಿಂಗಿನ ಜಿತೇಂದ್ರನಿಗೆ ದಿನ ಹೇಳಿಯಾಗಿತ್ತು. ಕಂಬಕ್ಕೆ ಗುಂಡಿ ತೋಡಲು ಉಗ್ಗಪ್ಪ ಮೇಸ್ತ್ರಿಯನ್ನು ಕರೆದರು. ಉಗ್ಗಪ್ಪ ಬಂದು, ಅಂಗಳ ನೋಡಿ, ಹಾರೆಯನ್ನು ಗೋಡೆಗೆ ಒರಗಿಸಿಟ್ಟ.

"ಇವತ್ತಿನಿಂದ ಕೆಡ್ಡಸ ಅಲ್ವಾ, ವಾಸಪ್ಪಣ್ಣ. ಮಣ್ಣು ಮುಟ್ಲಿಕ್ಕಿಲ್ಲ."

ಕೆಡ್ಡಸ ಎಂದರೆ ನಮ್ಮ ತುಳುವರಿಗೆ ಭೂಮಿತಾಯಿ ಮುಟ್ಟಾಗುವ ದಿನಗಳು. ಫೆಬ್ರವರಿಯಲ್ಲಿ, ಮಕರ ತಿಂಗಳ ಕೊನೆಗೆ ಬರುತ್ತದೆ. ಆ ಮೂರು ದಿನ ಅವಳಿಗೆ ನೋವಾಗುವಂಥದ್ದು ಏನೂ ಮಾಡಬಾರದು. ಉಳಬಾರದು, ಅಗೆಯಬಾರದು, ಹಸಿ ಎಲೆ ಕೀಳಬಾರದು. ಕೊನೆಯ ದಿನ ಬೆಳಿಗ್ಗೆ ಹೆಂಗಸರು ಅಂಗಳದ ಮಣ್ಣಿಗೆ ಎಣ್ಣೆ ಬಿಟ್ಟು, ಸೀಗೆ, ಅರಸಿನ, ಕುಂಕುಮ ಇಟ್ಟು ಅವಳನ್ನು ಮೀಯಿಸುತ್ತೇವೆ, ಬಾಣಂತಿಯನ್ನು ನೋಡಿಕೊಂಡ ಹಾಗೆ. ಇದು ಇವರಿಗೆ ಗೊತ್ತಿಲ್ಲದ್ದಲ್ಲ. ಶಾರ್ಜಾದ ಕ್ಯಾಲೆಂಡರಿನಲ್ಲಿ ಶುಕ್ರವಾರ ಬಿಟ್ಟರೆ ಬೇರೆ ರಜೆ ಇರಲಿಲ್ಲ, ಹಾಗಾಗಿ ಮರೆತೇಹೋಗಿತ್ತು.

"ನಾಲ್ಕು ಗುಂಡಿ ಮಾರಾಯ. ಅವಳಿಗೆ ಗೊತ್ತೂ ಆಗ್ಲಿಕ್ಕಿಲ್ಲ."

"ಅವಳಿಗೆ ಗೊತ್ತಾಗದಿದ್ರೂ ನನ್ನ ಅಮ್ಮನಿಗೆ ಗೊತ್ತಾಗ್ತದೆ. ಮನೆಗೆ ಸೇರಿಸ್ಲಿಕ್ಕಿಲ್ಲ ನನ್ನನ್ನು," ಎಂದ ಉಗ್ಗಪ್ಪ.

ಇವರು ಬಿಡುವವರಲ್ಲ. ಹೆದ್ದಾರಿ ಕೆಲಸಕ್ಕೆ ಬಂದಿದ್ದ ಅಸ್ಸಾಮಿನ ಹುಡುಗರನ್ನು ಕರೆತಂದರು. ಅವರು ಉಗ್ಗಪ್ಪನ ಹತ್ತಿರ ಏನು ವಿಷಯವೆಂದು ಕೇಳಿದರು. ಕೇಳಿದ ಮೇಲೆ ತಮ್ಮತಮ್ಮಲ್ಲಿ ಮಾತಾಡಿಕೊಂಡು, ತಮ್ಮ ಊರಿನಲ್ಲೂ ಇಂಥದ್ದು ಉಂಟು, ಮಳೆಗಾಲದಲ್ಲಿ ಬರುತ್ತದೆ, ಆಗ ತಾವೂ ಅಗೆಯುವುದಿಲ್ಲ ಎಂದು ಅರ್ಧ ಹಿಂದಿ ಅರ್ಧ ಮಲಯಾಳದಲ್ಲಿ ಹೇಳಿ, ಚಹಾ ಕುಡಿದು ಹೋದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಮಾತು ಬಿಟ್ಟದ್ದು ಮರೆತು, "ನೋಡಿದಿರಾ!" ಎಂದುಬಿಟ್ಟೆ.

ಆ ಖುಷಿಯಲ್ಲೇ ನನಗೊಂದು ಉಪಾಯ ಹೊಳೆಯಿತು. ಕುಟುಂಬಶ್ರೀಯ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಹಾಕಿದೆ: ಕೆಡ್ಡಸದ ಕೊನೆಯ ದಿನ ಬೆಳಿಗ್ಗೆ ನಾನು ಎಣ್ಣೆ ಬಿಡುವುದು ಮಿಲ್ಲಿನ ಅಂಗಳದಲ್ಲಿ, ಬರುವವರು ಬನ್ನಿ. ಎರಡು ಮೂರು ಜನ ಬಂದಾರು ಎಂದುಕೊಂಡಿದ್ದೆ.

ಆ ದಿನ ಬೆಳಕು ಹರಿಯುವಾಗ ಹೋಗಿ ನೋಡುತ್ತೇನೆ, ಗೇಟಿನ ಹೊರಗೆ ಚಪ್ಪಲಿಗಳಿಗೆ ಜಾಗವಿಲ್ಲ. ಹೈವೇ ಆಚೆಯಿಂದಲೂ ಬಂದಿದ್ದಾರೆ. ಕೈಯಲ್ಲಿ ಎಣ್ಣೆಯ ಗಿಂಡಿ, ಬಾಚಣಿಗೆ, ಸಣ್ಣ ಕನ್ನಡಿ, ಡಬ್ಬಿಯಲ್ಲಿ ಕುಡುಅರಿ. ಕುಡುಅರಿ ಎಂದರೆ ಅಕ್ಕಿ, ಹುರುಳಿ ಹುರಿದು ಪುಡಿಮಾಡಿ ಬೆಲ್ಲ, ತೆಂಗಿನಕಾಯಿ ಬೆರೆಸಿದ್ದು, ಕೆಡ್ಡಸಕ್ಕೆ ಅದಿಲ್ಲದೆ ಆಗುವುದಿಲ್ಲ. ಕಡೆಯುವ ಕಲ್ಲುಗಳನ್ನು ಹೆಂಗಸರೇ ಉರುಳಿಸಿ ಬದಿಗೆ ಸರಿಸಿದರು. ತನ್ನ ಮನೆಯ ಕಲ್ಲು ಕಂಡವರು ಅದರ ತಲೆ ಸವರಿ ಮಾತಾಡಿಸಿದರು. ನಡುವೆ ಸಗಣಿ ಸಾರಿಸಿ, ಬೂದಿಯಲ್ಲಿ ಒಂದು ವೃತ್ತ ಬರೆದೆವು. ಸುಪ್ರೀತಾ ಕ್ಯಾಮೆರಾ ಹಿಡಿದುಕೊಂಡು ಬಂದವಳು ಕ್ಯಾಮೆರಾ ಬದಿಗಿಟ್ಟು ಸೆರಗು ಸಿಕ್ಕಿಸುವಂತೆ ದುಪಟ್ಟಾ ಸಿಕ್ಕಿಸಿ ಸಗಣಿಗೆ ಕೈ ಹಾಕಿದಳು.

ಅಷ್ಟರಲ್ಲಿ ಇವರು ಬಂದರು. ಮನೆಯಲ್ಲಿ ಚಹಾ ಇಲ್ಲ, ಹೆಂಡತಿಯೂ ಇಲ್ಲ. ಹುಡುಕಿಕೊಂಡು ಬಂದವರು, ಲುಂಗಿ ಎತ್ತಿ ಕಟ್ಟಿ ಜಗಲಿಯಲ್ಲಿ ನಿಂತರು. ಇಷ್ಟು ಹೆಂಗಸರನ್ನು ಕಂಡು ಲುಂಗಿ ಇಳಿಸಿದರು.

"ಇಲ್ಲಿ ಎಂತಕ್ಕೆ? ಮನೆಯಲ್ಲಿ ಮಾಡ್ಲಿಕ್ಕಾಗುದಿಲ್ವಾ ನಿನಗೆ?"

ಎಷ್ಟೋ ವರ್ಷಗಳಿಂದ ನಾನು ಇವರಿಗೆ ಹೇಳದೆ ಇಟ್ಟುಕೊಂಡಿದ್ದ ಮಾತೊಂದಿತ್ತು. ಎಲ್ಲರೆದುರು ಹೊರಗೆ ಬಂತು.

"ಮನೆಯಲ್ಲಿ ಮಣ್ಣು ಎಲ್ಲಿ ಉಂಟು? ನೀವು ಇಂಟರ್‌ಲಾಕ್ ಹಾಸಿದ ಮೇಲೆ ನಾನು ಗುಲಾಬಿ ಕುಂಡಕ್ಕೆ ಎಣ್ಣೆ ಬಿಡ್ತಾ ಇದ್ದೇನೆ. ಭೂಮಿತಾಯಿಯನ್ನು ಕುಂಡದಲ್ಲಿ ಕೂರಿಸಿದ್ದೇನೆ ನಾನು!"

ಹಿಂದಿನಿಂದ ಯಾರೋ, "ನಾನು ಕರಿಬೇವಿನ ಬಕೆಟಿಗೆ," ಎಂದರು. "ನಮ್ಮದು ಫ್ಲ್ಯಾಟು, ನಾನು ಬಾಲ್ಕನಿಯ ಅಲೋವೆರಾಕ್ಕೆ," ಎಂದರು ಇನ್ನೊಬ್ಬರು. ಒಬ್ಬರು ಕಳೆದ ವರ್ಷ ಇಂಟರ್‌ಲಾಕಿನ ಸಂದಿಗೇ ಎಣ್ಣೆ ಬಿಟ್ಟು, ಅದರ ಮೇಲೆ ಕಾಲಿಟ್ಟು ಅವರ ಗಂಡ ಜಾರಿದರಂತೆ. ಅಂಗಳಕ್ಕೆ ಅಂಗಳವೇ ನಕ್ಕಿತು. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು, ಅದರಲ್ಲಿ ನಗುವಿನದ್ದೆಷ್ಟು, ಬೇಸರದ್ದೆಷ್ಟು ಎಂದು ನನಗೇ ತಿಳಿಯಲಿಲ್ಲ.

ಇವರು ಮಾತ್ರ ನಗಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಅಲ್ಲೇ ಜಗಲಿಯ ಅಂಚಿನಲ್ಲಿ ಕುಳಿತರು. ನಾವು ಎಣ್ಣೆ ಬಿಟ್ಟೆವು. ಮಣ್ಣು ಎಣ್ಣೆಯನ್ನು ಕುಡಿಯುವುದನ್ನು ನಾನು ನೋಡದೆ ಎಷ್ಟು ಕಾಲವಾಗಿತ್ತು! ಕುಂಡದ ಮಣ್ಣಿನಲ್ಲಿ ಎಣ್ಣೆ ಮೇಲೆಯೇ ನಿಲ್ಲುತ್ತಿತ್ತು. ಇಲ್ಲಿ ಬಿಟ್ಟದ್ದೇ ತಡ, ಒಂದು ಕಪ್ಪು ಮಚ್ಚೆ ಮಾತ್ರ ಉಳಿಯಿತು. ಗೋದಾಮಿನ ಮಾಡಿನ ಮೇಲಿಂದ ಬಿಸಿಲು ಅಂಗಳಕ್ಕೆ ಇಳಿಯಿತು, ಸುಪ್ರೀತಾಳ ಗಾಜಿನ ಗೋಡೆಯಲ್ಲಿ ನಾವೆಲ್ಲರೂ ಕಂಡೆವು.

ಕುಡುಅರಿ ಹಂಚುವಾಗ ಸುಪ್ರೀತಾ ಇವರಿಗೂ ಒಂದು ಎಲೆಯಲ್ಲಿ ಒಯ್ದು ಕೊಟ್ಟಳು. ಹಸಿ ಎಲೆ ಕೀಳಲಿಕ್ಕಿಲ್ಲವಲ್ಲ, ಹಿಂದಿನ ವಾರದ್ದು, ಬಾಡಿದ ಬಾಳೆಲೆ. ನಾನು ಹತ್ತಿರದಲ್ಲೇ ಇದ್ದೆ. ಇವರು ತಿನ್ನದೆ, ಮೆಲ್ಲಗೆ ಕೇಳಿದರು:

"ಮಳೆಗಾಲದಲ್ಲಿ ಪಾಚಿ ಹಿಡಿತದೆ ಮಗಾ, ಇಲ್ಲಿ. ಹೆಂಗಸರು ಮಕ್ಕಳು ಬರುವ ಜಾಗ. ಯಾರಾದ್ರೂ ಜಾರಿ ಬಿದ್ರೆ? ಇವಳು ಬಿದ್ದಾಗ ನಾನು ಶಾರ್ಜಾದಲ್ಲಿದ್ದೆ. ಫೋನಿನಲ್ಲಿ ಅವಳು ಅಳುದು ಕೇಳ್ತಾ ಇತ್ತು, ಹಿಡಿದು ಎಬ್ಬಿಸ್ಲಿಕ್ಕೆ ನಾನಿಲ್ಲ."

ನಾನು ಅಲ್ಲೇ ನಿಂತುಬಿಟ್ಟೆ. ಇಷ್ಟು ವರ್ಷ ನಾನು ಇವರ ಶೀಟನ್ನು, ಇಂಟರ್‌ಲಾಕನ್ನು ಗಲ್ಫಿನ ದೊಡ್ಡಸ್ತಿಕೆ ಎಂದು ತಿಳಿದು ಹಲ್ಲು ಕಚ್ಚಿದ್ದೆ. ಇವರು ಮುಚ್ಚುತ್ತಿದ್ದದ್ದು ಆಕಾಶವನ್ನಲ್ಲ, ನಾನು ಬಿದ್ದ ಅಂಗಳವನ್ನು. ಬಾಯಿಬಿಟ್ಟು ಹೇಳಬಾರದಿತ್ತೇ ಈ ಮನುಷ್ಯ! ಸಿಟ್ಟೂ ಬಂತು, ಪ್ರೀತಿಯೂ ಬಂತು, ಎರಡೂ ಒಟ್ಟಿಗೆ ಬಂದರೆ ಏನು ಮಾಡಬೇಕೆಂದು ತಿಳಿಯದೆ ಇವರ ಕೈಯಲ್ಲಿದ್ದ ಕುಡುಅರಿಯಿಂದ ಒಂದು ಹಿಡಿ ತೆಗೆದು ತಿಂದೆ.

ಸುಪ್ರೀತಾ ಇವರ ಪಕ್ಕದಲ್ಲೇ ಕುಳಿತಳು.

"ಇದನ್ನು ಮೊದಲೇ ಕೇಳ್ಬಾರ್ದಿತ್ತಾ, ವಾಸಪ್ಪಣ್ಣ? ನೀವು ಮಳೆ ಬಂದ್ರೆ ಎಂತ ಅಂತ ಕೇಳಿದ್ರಿ. ಬಿದ್ರೆ ಎಂತ ಅಂತ ಕೇಳ್ಲಿಲ್ಲ."

ಎಂದವಳೇ ನೆಲದ ಮೇಲೆ ಬೆರಳಿನಿಂದ ಗೆರೆ ಎಳೆಯಲು ಹೋಗಿ, ಕೆಡ್ಡಸ ನೆನಪಾಗಿ ಕೈ ಹಿಂದೆಗೆದು, ಜಗಲಿಯ ಧೂಳಿನಲ್ಲಿ ಎಳೆದಳು. ನಾಲ್ಕೂ ಬದಿಗೆ ಮಾಡಿನ ಅಡಿಯಲ್ಲಿ ನಡೆಯುವ ದಾರಿಗೆ ಒರಟು ಕೆಂಪುಕಲ್ಲು, ಒದ್ದೆಯಾದರೂ ಕಾಲು ಹಿಡಿಯುವಂಥದ್ದು. ನಡುವಿನ ಮಣ್ಣು ಹಾಗೆಯೇ, ಅಲ್ಲಿ ಮಳೆಗಾಲದಲ್ಲಿ ನಡೆಯುವುದು ಬೇಡ, ನೋಡಿದರೆ ಸಾಕು. ಮಾಡಿನ ನೀರು ಬೀಳುವ ಗೆರೆಗೆ ಏನು ಎಂದು ಅವಳು ಯೋಚಿಸುತ್ತಾ ತಲೆಯೆತ್ತಿದಳು. ಎದುರಿಗೇ ಇದ್ದವು ಊರಿನ ಕಡೆಯುವ ಕಲ್ಲುಗಳೆಲ್ಲ.

"ಅಯ್ಯೋ, ಇವೇ ಉಂಟಲ್ಲ!" ಎಂದಳು. "ನೀರು ಬೀಳುವಲ್ಲಿ ಸಾಲಾಗಿ ಹೂತಿಡುವ. ನೀರು ಗುಂಡಿಗೆ ಬೀಳ್ತದೆ, ಕೆಸರು ಹಾರುದಿಲ್ಲ, ಗೋಡೆ ಒದ್ದೆ ಆಗುದಿಲ್ಲ."

ಫೋರ್‌ಮನ್ನಿನ ಕಣ್ಣು ಅಲ್ಲಿಗೆ ಎಚ್ಚರವಾಯಿತು. ಕಲ್ಲುಗಳ ನಡುವೆ ಎಷ್ಟು ಸಂದಿ ಬಿಡಬೇಕು, ತುಂಬಿದ ನೀರು ಎತ್ತ ಹರಿಯಬೇಕು ಎಂದು ಇವರು ಶುರುಮಾಡಿದರು. ಇಬ್ಬರೂ ಪುನಃ ಜಗಳಕ್ಕಿಳಿದದ್ದು ಕೇಳಿ ನನಗೆ ಜೀವ ಬಂದ ಹಾಗಾಯಿತು. ಶೀಟಿನ ಮಾತು ಅಲ್ಲಿಗೆ ಬಿದ್ದುಹೋಯಿತು. ಮುಂದಿನ ಮೀಟಿಂಗಿನಲ್ಲಿ ಮದುವೆಯ ಬಾಡಿಗೆಯವರು ಅದನ್ನು ಎತ್ತಿದಾಗ ಇವರು, "ನಿಮಗೆ ಬುದ್ಧಿ ಉಂಟಾ? ಅಂಗಳಕ್ಕೆ ಯಾರಾದ್ರೂ ಶೀಟು ಹಾಕ್ತಾರಾ?" ಎಂದು ಗದರಿದರು. ನಾನೂ ಸುಪ್ರೀತಾಳೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ನೋಡಿದರೆ ನಕ್ಕುಬಿಡುತ್ತಿದ್ದೆವು.

ಮ್ಯೂಸಿಯಂ ತೆರೆದ ದಿನವೇ ಮುಂಗಾರಿನ ಮೊದಲ ದೊಡ್ಡ ಮಳೆ. ಭಾಷಣದವರ ಸ್ವರ ಯಾರಿಗೂ ಕೇಳಲಿಲ್ಲ. ಜನ ನಾಲ್ಕೂ ಬದಿಯ ಜಗಲಿಯಲ್ಲಿ ನಿಂತು ಅಂಗಳ ನೋಡಿದರು. ಮಾಡಿನ ನೀರು ಕಲ್ಲಿನಿಂದ ಕಲ್ಲಿಗೆ ಬೀಳುತ್ತಿತ್ತು, ಆಳದ ಗುಂಡಿಗೆ ಒಂದು ಸ್ವರ, ಸವೆದ ಗುಂಡಿಗೆ ಇನ್ನೊಂದು. ತಮ್ಮ ಮನೆಯ ಕಲ್ಲು ಯಾವುದೆಂದು ತೋರಿಸುವ ಗಲಾಟೆಯೇ ಗಲಾಟೆ. ಬಾಗಿಲಿನ ಬೋರ್ಡಿನಲ್ಲಿ ಸುಪ್ರೀತಾಳ ಹೆಸರಿತ್ತು. ಅವಳು ಅದರ ಎದುರು ನಿಂತು ಫೋಟೋ ತೆಗೆಸಿಕೊಂಡು ದೇಲಂಪಾಡಿಯ ಅಮ್ಮನಿಗೆ ಕಳಿಸಿದಳು.

ಇವರು ಎಲ್ಲೂ ಕಾಣಲಿಲ್ಲ. ಅಧ್ಯಕ್ಷರು ಎಲ್ಲಿ ಎಂದು ಕೇಳಿದವರಿಗೆಲ್ಲ ಉತ್ತರ ಹೇಳಿ ಸಾಕಾಗಿ, ಸಿಟ್ಟಿನಲ್ಲಿ ಕೊಡೆ ಹಿಡಿದು ಮನೆಗೆ ಬಂದೆ. ಗೇಟು ದಾಟಿದರೆ ಏನೋ ಬೇರೆ ಥರ. ಅಂಗಳದಲ್ಲಿ ಬೆಳಕಿತ್ತು. ತುಳಸಿಕಟ್ಟೆಯ ಮೇಲಿನ ಶೀಟು ಇರಲಿಲ್ಲ. ಕಟ್ಟೆಯ ಎದುರಿನ ಇಂಟರ್‌ಲಾಕನ್ನು ಎಬ್ಬಿಸಿ ಬದಿಗೆ ಪೇರಿಸಿಟ್ಟಿದ್ದರು. ಒಂದು ಚಾಪೆಯಷ್ಟು ಕೆಂಪು ಮಣ್ಣು ಮಳೆಗೆ ನೆನೆಯುತ್ತಿತ್ತು. ಜಿತೇಂದ್ರ ವೆಲ್ಡಿಂಗ್ ಮೆಶಿನ್ನಿನ ವಯರು ಸುತ್ತುತ್ತಿದ್ದ. ಮಿಲ್ಲಿನ ಶೀಟಿಗೆಂದು ತಂದ ಕಂಬಗಳನ್ನು ತುಂಡು ಮಾಡಿ, ಆ ಮಣ್ಣಿನ ಸುತ್ತ ಮೂರು ಬದಿಗೆ ಸೊಂಟದೆತ್ತರಕ್ಕೆ ಹಿಡಿದುಕೊಳ್ಳುವ ಕಂಬಿ ಮಾಡಿ ನಿಲ್ಲಿಸಿದ್ದರು. ಇವರು ತಲೆಯಿಂದ ಕಾಲಿನವರೆಗೆ ಒದ್ದೆಯಾಗಿ, ಅದನ್ನು ಅಲುಗಾಡಿಸಿ ಗಟ್ಟಿ ಉಂಟಾ ಎಂದು ನೋಡುತ್ತಿದ್ದರು.

"ಒಂದು ಶೀಟು ಮಾತ್ರ ತೆಗೆದದ್ದು. ಇನ್ನು ಕೇಳ್ಬೇಡ," ಎಂದರು, ನನ್ನ ಮುಖ ನೋಡದೆ. "ಎಣ್ಣೆ ಬಿಡುವಾಗ ಒಂದು ಕೈಯಲ್ಲಿ ಇದನ್ನು ಹಿಡ್ಕೋ."

ನಾನು ಕೊಡೆ ಮಡಚಿ ಜಗಲಿಗೆ ಎಸೆದು, ಇವರು ಹೇಳಿದ ಹಾಗೆಯೇ ಆ ಕಂಬಿಯನ್ನು ಹಿಡಿದುಕೊಂಡು ಮಣ್ಣಿಗೆ ಕಾಲಿಟ್ಟೆ.